ಕ್ರೆಡಿಟ್ ಬ್ಯಾಂಕಿನಲ್ಲಿದೆ, ಹೊಸ ಕಾಲೇಜು ಒಪ್ಪುತ್ತದೆಯೇ?

ಪದವಿ ಪರೀಕ್ಷೆಯ ಅರ್ಜಿ ತುಂಬುವಾಗ ಈಗ ಒಂದು ಹೊಸ ಖಾನೆ ಎದುರಾಗುತ್ತದೆ: ಎಬಿಸಿ ಐಡಿ ಅಥವಾ ಅಪಾರ್ ಸಂಖ್ಯೆ. ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆಯ ಸಂಖ್ಯೆ ಅದು, 12 ಅಂಕಿಗಳು. ಡಿಜಿಲಾಕರ್‌ಗೆ ಹೋಗಿ ಆಧಾರ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಮಕ್ಕಳು ಮಾಡಿಕೊಳ್ಳುತ್ತಾರೆ, ಅರ್ಜಿ ಸಲ್ಲಿಸುತ್ತಾರೆ, ಮರೆತುಬಿಡುತ್ತಾರೆ.

ಅದು ನೆನಪಿಗೆ ಬರುವುದು ಕಾಲೇಜು ಬದಲಿಸಬೇಕಾಗಿ ಬಂದ ದಿನ. ಅಪ್ಪನಿಗೆ ವರ್ಗವಾಗಿರುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋಗಿರುತ್ತಾರೆ. ಹಣವಿಲ್ಲದೆ ಎರಡು ವರ್ಷ ಬಿಟ್ಟ ಓದನ್ನು ಮತ್ತೆ ಹಿಡಿಯುವ ಮನಸ್ಸಾಗಿರುತ್ತದೆ. ಆಗ ಕೇಳುವ ಪ್ರಶ್ನೆ ಒಂದೇ: ಇಷ್ಟು ದಿನ ಓದಿ ಪಾಸಾಗಿದ್ದು ಲೆಕ್ಕಕ್ಕೆ ಬರುತ್ತದೆಯೇ, ಇಲ್ಲ ಮೊದಲಿಂದ ಶುರು ಮಾಡಬೇಕೇ?

ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಯಾಕೆ ಎಂದು ತಿಳಿಯಲು ಕ್ರೆಡಿಟ್ ಎಂದರೇನು ಎಂಬಲ್ಲಿಂದಲೇ ಹೊರಡಬೇಕು.

ಅಂಕ ಬೇರೆ, ಕ್ರೆಡಿಟ್ ಬೇರೆ

ಅಂಕ ಹೇಳುವುದು ಎಷ್ಟು ಚೆನ್ನಾಗಿ ಕಲಿತಿರಿ ಎಂಬುದನ್ನು. ಕ್ರೆಡಿಟ್ ಹೇಳುವುದು ಎಷ್ಟು ಕಲಿತಿರಿ ಎಂಬುದನ್ನು. 40 ತೆಗೆದು ಪಾಸಾದವನಿಗೂ 95 ತೆಗೆದವಳಿಗೂ ಒಂದೇ ಪತ್ರಿಕೆಯಿಂದ ಬರುವ ಕ್ರೆಡಿಟ್ ಒಂದೇ. ಫೇಲಾದವರಿಗೆ ಮಾತ್ರ ಸೊನ್ನೆ.

ಅಳತೆಗೋಲು ಸಮಯ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಲೆಕ್ಕದಲ್ಲಿ ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆ ಪಾಠ ಕೇಳಿದರೆ 1 ಕ್ರೆಡಿಟ್. ಲ್ಯಾಬ್ ಆದರೆ 30 ಗಂಟೆ ಬೇಕು. ವಾರಕ್ಕೆ ನಾಲ್ಕು ತರಗತಿಯ ಪತ್ರಿಕೆಗೆ 4 ಕ್ರೆಡಿಟ್ ಇರುವುದು ಹೀಗೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಮನೆಯಲ್ಲಿ ಓದುವ, ಅಸೈನ್‌ಮೆಂಟ್ ಬರೆಯುವ ಹೊತ್ತನ್ನೂ ಸೇರಿಸಿಕೊಂಡು ಇದನ್ನೇ ಇನ್ನೊಂದು ರೀತಿ ಹೇಳುತ್ತದೆ: 30 ಗಂಟೆಯ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್.

ಕಲಿಕೆಯನ್ನು ಗಂಟೆಯಲ್ಲಿ ಅಳೆಯುವ ಈ ಅಭ್ಯಾಸದ ಹುಟ್ಟು ತಮಾಷೆಯಾಗಿದೆ. ಅದು ಬಂದದ್ದು ಪಿಂಚಣಿಯಿಂದ. ಅಮೆರಿಕದಲ್ಲಿ ಕಾಲೇಜು ಅಧ್ಯಾಪಕರಿಗೆ ಪಿಂಚಣಿ ಕೊಡಲು ಹೊರಟ ಕಾರ್ನೆಗಿ ಪ್ರತಿಷ್ಠಾನ, 1906ರ ಹೊತ್ತಿಗೆ ಯಾವ ಕಾಲೇಜು ಇದಕ್ಕೆ ಅರ್ಹ ಎಂದು ತೀರ್ಮಾನಿಸಬೇಕಾಯಿತು. ಸೇರುವ ಹುಡುಗರು ಹೈಸ್ಕೂಲಿನಲ್ಲಿ ಇಂತಿಷ್ಟು ಗಂಟೆಯ ಪಾಠ ಮುಗಿಸಿರಬೇಕು ಎಂದು ಕೇಳುವ ಕಾಲೇಜೇ ಕಾಲೇಜು ಎಂದಿತು. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿಕೊಂಡವು. ಆ ಗಂಟೆಯ ಲೆಕ್ಕ ಅಲ್ಲಿಂದ ಕಾಲೇಜಿನ ಒಳಕ್ಕೆ, ಆಮೇಲೆ ದೇಶ ದಾಟಿ ನಮ್ಮ ಅಂಕಪಟ್ಟಿಯವರೆಗೂ ಬಂತು.

ಬ್ಯಾಂಕ್ ಎಂಬ ಹೆಸರಿನ ತಪ್ಪು ದಾರಿ

ಎಬಿಸಿ ಎಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಯುಜಿಸಿ ಇದರ ನಿಯಮಾವಳಿ ಹೊರಡಿಸಿದ್ದು 2021ರ ಜುಲೈನಲ್ಲಿ. ಇದರಲ್ಲಿ ನೋಂದಾಯಿಸಿದ ಯಾವ ಸಂಸ್ಥೆಯಲ್ಲಿ ನೀವು ಓದಿ ಪಾಸಾದರೂ ಆ ಕ್ರೆಡಿಟ್ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಜಮಾ ಮಾಡುವುದು ಸಂಸ್ಥೆ, ನೀವಲ್ಲ. ಅಂಕಪಟ್ಟಿ ಹಿಡಿದು ಹೋಗಿ ‘ಇದನ್ನು ಹಾಕಿಕೊಳ್ಳಿ’ ಎನ್ನುವಂತಿಲ್ಲ. ಜಮಾ ಆದದ್ದು ಹೆಚ್ಚೆಂದರೆ 7 ವರ್ಷ ಊರ್ಜಿತ. ಒಂದು ಪದವಿಗೆ ಬಳಸಿದ ಕ್ರೆಡಿಟ್ ಅಲ್ಲಿಗೆ ಮುಗಿಯಿತು, ಇನ್ನೊಂದಕ್ಕೆ ಬಾರದು.

ಹೆಸರು ಕೇಳಿದ ಕೂಡಲೇ ನಾವು ದುಡ್ಡಿನ ಲೆಕ್ಕದಲ್ಲಿ ಯೋಚಿಸುತ್ತೇವೆ. ಹಾಸನದಲ್ಲಿ ಕಟ್ಟಿದ 500 ರೂಪಾಯಿಯನ್ನು ಕಲಬುರಗಿಯಲ್ಲಿ ತೆಗೆದರೂ ಅದು 500 ರೂಪಾಯಿಯೇ. ಕ್ರೆಡಿಟ್ ಹಾಗಲ್ಲ. ಅದಕ್ಕೆ ಹತ್ತಿರದ ಹೋಲಿಕೆ ಅಜ್ಜಿಯ ಹಳೆ ಬಳೆ.

ಹಳೆ ಚಿನ್ನ ಕೊಟ್ಟು ಹೊಸ ಸರ ಮಾಡಿಸಲು ಹೋಗಿದ್ದೀರಿ. ಅಂಗಡಿಯವರು ಬಳೆಯನ್ನು ಹಾಗೇ ತೂಗಿ ಬೆಲೆ ಹೇಳುವುದಿಲ್ಲ. ಒರೆಗಲ್ಲಿಗೆ ಉಜ್ಜಿ ಎಷ್ಟು ಕ್ಯಾರೆಟ್ ನೋಡುತ್ತಾರೆ. ಹರಳಿನ ತೂಕ, ಒಳಗಿನ ಅರಗಿನ ತೂಕ ಕಳೆಯುತ್ತಾರೆ. ಉಳಿದದ್ದು ನಿಮ್ಮ ಚಿನ್ನ. ನೀವು ಮನೆಯಲ್ಲಿ ತೂಗಿಕೊಂಡು ಹೋದದ್ದು 20 ಗ್ರಾಂ ಇರಬಹುದು, ಅವರು ಚೀಟಿಯಲ್ಲಿ ಬರೆಯುವುದು 17 ಇರಬಹುದು. ಅಜ್ಜಿಗೆ ಮೋಸವಾಗಿತ್ತು ಎಂದಲ್ಲ. ಈ ಅಂಗಡಿ ತನ್ನ ಮುದ್ರೆ ಒತ್ತಿ ಸರ ಕೊಡಬೇಕು, ಒಳಗೆ ಏನಿದೆ ಎಂದು ಅದಕ್ಕೆ ಗೊತ್ತಿರಬೇಕು.

ಎಬಿಸಿ ಬರೀ ಲಾಕರ್. ಬಳೆ ಭದ್ರವಾಗಿದೆ, ನಿಮ್ಮದೇ ಎಂದು ಅದು ಸಾಕ್ಷಿ ಹೇಳುತ್ತದೆ. ಒರೆಗೆ ಹಚ್ಚುವುದು ನೀವು ಸೇರಲಿರುವ ವಿಶ್ವವಿದ್ಯಾಲಯ. ಪದವಿ ಪ್ರಮಾಣಪತ್ರದ ಮೇಲೆ ಬೀಳುವುದು ಅದರ ಮುದ್ರೆ.

ಇದಕ್ಕಿಂತ ಮೊದಲಿನ ಒಂದು ಮಾತು ಬಹಳ ಜನರಿಗೆ ಹೊಳೆಯುವುದಿಲ್ಲ. ಕ್ರೆಡಿಟ್ ಒಪ್ಪುವುದು ಬೇರೆ, ಸೀಟು ಕೊಡುವುದು ಬೇರೆ. ಖಾತೆಯಲ್ಲಿ 40 ಕ್ರೆಡಿಟ್ ಇದ್ದರೂ ಆ ಕಾಲೇಜಿನ ಎರಡನೇ ವರ್ಷದಲ್ಲಿ ಸೀಟು ಖಾಲಿ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಂತಿತು.

ಒರೆಗಲ್ಲಿನ ಮೇಲೆ ಏನೇನು ನೋಡುತ್ತಾರೆ

ಅರ್ಜಿಯ ಜೊತೆ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಬೇರೆ ವಿಶ್ವವಿದ್ಯಾಲಯದಿಂದ ಬಂದವರಾದರೆ ಮೈಗ್ರೇಶನ್ ಸರ್ಟಿಫಿಕೇಟ್, ನಿರಾಕ್ಷೇಪಣಾ ಪತ್ರ ಇವೆಲ್ಲ ಹೋಗುತ್ತವೆ. ಕಚೇರಿಯವರು ಮೊದಲು ನೋಡುವುದು ನೀವು ಬಂದ ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಪ್ರಕಟಿಸುತ್ತದೆ. ಹೆಸರು ಅದರಲ್ಲಿದ್ದರೆ ಮುಂದಿನ ಮಾತಿಲ್ಲ.

ಅಲ್ಲಿಂದ ಕಡತ ಅಧ್ಯಾಪಕರ ಕೈಗೆ ಹೋಗುತ್ತದೆ. ಆಯಾ ವಿಷಯದ ಅಧ್ಯಯನ ಮಂಡಳಿ, ಎಲ್ಲರೂ ಬಿಓಎಸ್ ಎನ್ನುವುದು ಇದನ್ನೇ, ಅಥವಾ ತತ್ಸಮಾನತೆ ನೋಡಲೆಂದೇ ಇರುವ ಒಂದು ಸಮಿತಿ, ನಿಮ್ಮ ಹಳೆ ಪಠ್ಯಕ್ರಮವನ್ನೂ ತಮ್ಮದನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತದೆ. ಪತ್ರಿಕೆಯ ಹೆಸರು ಅವರಿಗೆ ಮುಖ್ಯವಲ್ಲ. ‘ಗಣಿತ-1’ ಎಂಬ ಹೆಸರಿನಡಿ ಒಂದು ಕಡೆ ಕಲನಶಾಸ್ತ್ರವಿದ್ದರೆ ಇನ್ನೊಂದು ಕಡೆ ಬೀಜಗಣಿತ ಇರಬಹುದು. ಅಂಕಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅವರು ಓದುವುದು ಘಟಕದ ಪಟ್ಟಿ: ಯಾವ ಪಾಠ, ಎಷ್ಟು ಗಂಟೆ, ಯಾವ ಪುಸ್ತಕ, ಲ್ಯಾಬ್ ಇತ್ತೋ ಇಲ್ಲವೋ. ಬಹುಪಾಲು ಹೊಂದಿದರೆ ಒಪ್ಪುತ್ತಾರೆ. ಅರ್ಧಂಬರ್ಧ ಹೊಂದಿದರೆ ತಕರಾರು ಶುರು.

ಹಾಗಾಗಿ ಕಾಲೇಜು ಬಿಡುವಾಗ ಜನ ಮರೆತುಬರುವ, ಆಮೇಲೆ ಅತಿ ಹೆಚ್ಚು ಹುಡುಕುವ ಕಾಗದವೆಂದರೆ ತಾವು ಓದಿದ ವರ್ಷದ, ಮೊಹರು ಬಿದ್ದ ಪಠ್ಯಕ್ರಮದ ಪ್ರತಿ. ಅಂಕಪಟ್ಟಿಯ ನಕಲು ಯಾವಾಗಲಾದರೂ ಸಿಕ್ಕೀತು. ಮೂರು ವರ್ಷದ ಹಿಂದಿನ ಸಿಲಬಸ್ ಜಾಲತಾಣದಲ್ಲಿ ಇರುತ್ತದೆ ಎಂಬ ಭರವಸೆ ಬೇಡ. ಹೊಸದು ಬಂದ ಮೇಲೆ ಹಳೆಯದನ್ನು ತೆಗೆದುಹಾಕಿರಬಹುದು.

ಪಾಠ ಹೊಂದಿದ ಮೇಲೆ ಮಟ್ಟ. ಮೊದಲ ಸೆಮಿಸ್ಟರ್‌ನಲ್ಲಿ ಪರಿಚಯವಾಗಿ ಓದಿದ ಅಂಕಿಅಂಶ ಶಾಸ್ತ್ರವನ್ನು ಐದನೇ ಸೆಮಿಸ್ಟರ್‌ನ ಅದೇ ಹೆಸರಿನ ಪತ್ರಿಕೆಗೆ ಸಮ ಎನ್ನಲಾಗದು. ಆಮೇಲೆ ದರ್ಜೆ, ಪಾಸಾಗಿ ಎಷ್ಟು ವರ್ಷವಾಯಿತು ಎಂಬುದು. ಕಂಪ್ಯೂಟರ್ ವಿಷಯದಲ್ಲಿ ಆರು ವರ್ಷ ದೊಡ್ಡ ಅಂತರ, ಸಾಹಿತ್ಯದಲ್ಲಿ ಏನೂ ಅಲ್ಲ.

ಎಲ್ಲ ಒರೆಯಲ್ಲೂ ಗೆದ್ದರೂ ಒಂದು ಮಿತಿ ಉಳಿಯುತ್ತದೆ. ಎಬಿಸಿ ನಿಯಮದಂತೆ ಯಾವ ಸಂಸ್ಥೆ ಪದವಿ ಕೊಡುತ್ತದೋ ಅಲ್ಲೇ ಕನಿಷ್ಠ ಶೇ 50ರಷ್ಟು ಕ್ರೆಡಿಟ್ ಗಳಿಸಿರಬೇಕು. 120 ಕ್ರೆಡಿಟ್‌ನ ಪದವಿಯಾದರೆ 60 ಅಲ್ಲೇ ಆಗಬೇಕು. ಕೊನೆಯ ಸೆಮಿಸ್ಟರ್‌ಗೆ ಮಾತ್ರ ದೊಡ್ಡ ಹೆಸರಿನ ಕಾಲೇಜು ಸೇರಿ ಅದರ ಪ್ರಮಾಣಪತ್ರ ಗೋಡೆಗೆ ನೇತುಹಾಕುವ ದಾರಿ ಇಲ್ಲ.

ಒಪ್ಪಿದ್ದು ಮತ್ತು ಹೊಂದಿದ್ದು

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಜಾಗ ಇದು. ಕ್ರೆಡಿಟ್ ‘ಒಪ್ಪಿದ್ದೇವೆ’ ಎಂದರೆ ಪದವಿಗೆ ಬೇಕಾದ ಪತ್ರಿಕೆಗೆ ‘ಹೊಂದಿಸಿದ್ದೇವೆ’ ಎಂದು ಅರ್ಥವಲ್ಲ.

ಒಂದು ಪದವಿ ಎಂದರೆ ಖಾನೆ ಖಾನೆಯ ಮಸಾಲೆ ಡಬ್ಬಿ. ಮುಖ್ಯ ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು, ಕಡ್ಡಾಯ ಪತ್ರಿಕೆಗೆ ಇಷ್ಟು, ಐಚ್ಛಿಕಕ್ಕೆ ಇಷ್ಟು. ನಿಮ್ಮ ಹತ್ತಿರ ಅರ್ಧ ಕೆಜಿ ಒಳ್ಳೆಯ ಸಾಸಿವೆ ಇರಬಹುದು. ಸಾಸಿವೆಯ ಖಾನೆ ತುಂಬಿದ ಮೇಲೆ ಮಿಕ್ಕದ್ದನ್ನು ಜೀರಿಗೆಯ ಖಾನೆಗೆ ಸುರಿಯಲು ಬರುವುದಿಲ್ಲ. ಅದು ಐಚ್ಛಿಕದ ಖಾನೆಗೆ ಹೋಗುತ್ತದೆ; ಅದೂ ತುಂಬಿದ್ದರೆ ದಾಖಲೆಯಲ್ಲಿ ಮಾತ್ರ ಉಳಿಯುತ್ತದೆ.

ಆದ್ದರಿಂದ ಹೊಸ ಕಾಲೇಜಿನಲ್ಲಿ ‘ಎಷ್ಟು ಕ್ರೆಡಿಟ್ ಒಪ್ಪುತ್ತೀರಿ’ ಎಂದು ಕೇಳುವುದಕ್ಕಿಂತ ‘ನಾನು ಇನ್ನೂ ಯಾವ ಯಾವ ಪತ್ರಿಕೆ ಬರೆಯಬೇಕು’ ಎಂದು ಕೇಳುವುದು ಜಾಣತನ. ಉತ್ತರ ಬರವಣಿಗೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು.

ಸ್ವಯಂ: ಮೊದಲು ಒಪ್ಪಿಗೆ, ಆಮೇಲೆ ಓದು

ಕಾಲೇಜು ಬದಲಿಸದೆಯೂ ಹೊರಗಿನ ಕ್ರೆಡಿಟ್ ತರಬಹುದು. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ವೇದಿಕೆ ಸ್ವಯಂ 2017ರಿಂದ ಇದೆ. ಐಐಟಿಗಳ ಎನ್‌ಪಿಟಿಇಎಲ್ ಕೋರ್ಸ್‌ಗಳೂ ಅದರಲ್ಲೇ ಸಿಗುತ್ತವೆ. ಎನ್‌ಪಿಟಿಇಎಲ್‌ನಲ್ಲಿ 12 ವಾರದ ಕೋರ್ಸಿಗೆ 3 ಕ್ರೆಡಿಟ್, 8 ವಾರದ್ದಕ್ಕೆ 2. ಪಾಠ ನೋಡುವುದು ಪುಕ್ಕಟೆ, ಪರೀಕ್ಷೆಗೆ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಬರೆಯಬೇಕು. ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಓದಲು ಬಿಡಬಹುದು ಎಂದು ಯುಜಿಸಿ 2021ರಲ್ಲಿ ಹೇಳಿತು. ಅದಕ್ಕೆ ಮೊದಲು ಶೇ 20 ಇತ್ತು.

‘ಬಿಡಬಹುದು’ ಎಂಬ ಪದ ಗಮನಿಸಿ. ಯಾವ ಕೋರ್ಸನ್ನು ಯಾವ ಪತ್ರಿಕೆಯ ಬದಲಿಗೆ ತೆಗೆದುಕೊಳ್ಳಬಹುದು ಎಂದು ಸೆಮಿಸ್ಟರ್ ಶುರುವಾಗುವ ಮೊದಲು ನಿಮ್ಮ ಸಂಸ್ಥೆ ತೀರ್ಮಾನಿಸಿರಬೇಕು. ಪ್ರಮಾಣಪತ್ರ ತಂದುಕೊಟ್ಟ ಮೇಲೆ ‘ಇದು ನಮ್ಮ ಪಟ್ಟಿಯಲ್ಲಿಲ್ಲ’ ಎಂದು ಕೇಳಿಸಿಕೊಂಡವರು ಕಡಿಮೆ ಇಲ್ಲ. ಖಾಸಗಿ ಜಾಲತಾಣಗಳ ಸರ್ಟಿಫಿಕೇಟುಗಳದ್ದು ಬೇರೆಯೇ ಕಥೆ. ಕೆಲಸ ಹುಡುಕುವಾಗ ಉಪಯೋಗಕ್ಕೆ ಬಂದಾವು. ಹೆಚ್ಚಿನ ಕಡೆ ಕ್ರೆಡಿಟ್ ಎಂದು ಎಣಿಸುವುದಿಲ್ಲ.

ಕರ್ನಾಟಕದಲ್ಲಿ ಒಂದು ಹೆಚ್ಚಿನ ತೊಡಕು

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತರುವ ಆದೇಶ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ. ಅದು 2021ರ ಆಗಸ್ಟ್. ನಾಲ್ಕು ವರ್ಷದ ಆನರ್ಸ್, ಓಪನ್ ಇಲೆಕ್ಟಿವ್, ಕೌಶಲ ಪತ್ರಿಕೆ, ನಡುವೆ ಬಿಟ್ಟುಹೋದರೆ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಇವೆಲ್ಲ ಆಗ ಬಂದವು. ಮುಂದೆ ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಮತ್ತೊಂದು ಆದೇಶ ಹೊರಟಿತು: 2024-25ರಿಂದ ಮೂರು ವರ್ಷದ ಪದವಿ. ಆಗಲೇ ಸೇರಿದ್ದವರು ತಮ್ಮ ಹಳೆ ಪಠ್ಯಕ್ರಮದಲ್ಲೇ ಮುಂದುವರಿದರು.

ಯಾವ ನೀತಿ ಮೇಲು ಎಂಬುದು ಈ ಲೇಖನದ ವಿಷಯವಲ್ಲ. ಆದರೆ 2021ರಿಂದ 2023ರ ನಡುವೆ ಸೇರಿದ ಮೂರು ಬ್ಯಾಚಿನಲ್ಲಿ ಯಾರಾದರೂ ಓದು ಬಿಟ್ಟು ಈಗ ಮರಳಿದರೆ, ಅದೇ ಕಾಲೇಜಿನ ಅದೇ ಕೊಠಡಿಗೆ ಬಂದರೂ ಅವರು ಒಂದು ರೀತಿಯಲ್ಲಿ ವರ್ಗವಾಗಿ ಬಂದವರೇ. ಅವರು ಓದಿದ ಖಾನೆಗಳೇ ಬೇರೆ, ಈಗಿನ ಡಬ್ಬಿಯ ಖಾನೆಗಳೇ ಬೇರೆ. ಹಳೆ ಪಠ್ಯಕ್ರಮದ ಪರೀಕ್ಷೆಯನ್ನು ಇನ್ನೆಷ್ಟು ಸಲ ನಡೆಸುತ್ತಾರೆ ಎಂದು ಪರೀಕ್ಷಾಂಗ ಕುಲಸಚಿವರ ಕಚೇರಿಯಲ್ಲಿ ವಿಚಾರಿಸುವುದು ಇವರು ಮಾಡಬೇಕಾದ ಮೊದಲ ಕೆಲಸ.

ಇದೆಲ್ಲ ಹೊಸ ಗೋಜಲು ಅನ್ನಿಸಬಹುದು, ಆದರೆ ತತ್ವ ಹಳೆಯದು. ಪಾಲಿಟೆಕ್ನಿಕ್ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಮೂರನೇ ಸೆಮಿಸ್ಟರ್‌ಗೆ ನೇರವಾಗಿ ಸೇರುತ್ತಾರಲ್ಲ, ಅದೂ ಇಂಥದ್ದೇ. ಡಿಪ್ಲೊಮಾದ ಓದನ್ನು ಒಟ್ಟಾಗಿ ಬಿಇ ಮೊದಲ ವರ್ಷಕ್ಕೆ ಸಮ ಎಂದು ಎಲ್ಲರಿಗೂ ಒಮ್ಮೆಲೇ ಒಪ್ಪಿಬಿಟ್ಟಿದ್ದಾರೆ. ಗಣಿತ ಮಾತ್ರ ಪೂರ್ತಿ ಹೊಂದದು. ಅದಕ್ಕೇ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇವರಿಗೆಂದೇ ಕ್ರೆಡಿಟ್ ಇಲ್ಲದ, ಆದರೆ ಪಾಸಾಗಲೇಬೇಕಾದ ಹೆಚ್ಚುವರಿ ಗಣಿತ ಪತ್ರಿಕೆಗಳನ್ನು ಇಟ್ಟಿತು.

ಗಡಿ ದಾಟಿದರೆ ಸೇರಿನ ಅಳತೆ ಬದಲು

ಹಿಂದೆ ಊರಿಗೊಂದು ಸೇರು ಇತ್ತು. ಕ್ರೆಡಿಟ್ ಇಂದಿಗೂ ಹಾಗೇ ಇದೆ. ಒಂದು ವರ್ಷದ ಓದು ನಮ್ಮ ಚೌಕಟ್ಟಿನಲ್ಲಿ 40, ಅಮೆರಿಕದಲ್ಲಿ ಸಾಮಾನ್ಯವಾಗಿ 30, ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ 60. ವರ್ಷಕ್ಕೆ ವರ್ಷ ಹೋಲಿಸಿದರೆ ನಮ್ಮ 4 ಕ್ರೆಡಿಟ್ ಅಮೆರಿಕದ 3, ಯುರೋಪಿನ 6. ‘ನಾಲ್ಕು ಕೊಟ್ಟರೆ ಮೂರೇ ಹಾಕಿದರು’ ಎಂದು ಬೇಸರ ಮಾಡಿಕೊಳ್ಳುವವರು ಮೊದಲು ಈ ಭಾಗಾಕಾರ ನೋಡಬೇಕು. ಪಾಠದ ಗಂಟೆ ಹಿಡಿದು ಲೆಕ್ಕ ಹಾಕಿದರೆ ಮಾತ್ರ ನಮ್ಮ 60 ಗಂಟೆಯ ಪತ್ರಿಕೆ ಅಮೆರಿಕದ 4 ಕ್ರೆಡಿಟ್‌ಗೇ ಸಮ ಬರುತ್ತದೆ. ಯಾವ ಲೆಕ್ಕ ಹಿಡಿಯಬೇಕು ಎಂಬುದು ಒಪ್ಪುವವರ ಇಷ್ಟ.

ಅಮೆರಿಕದಲ್ಲಿ ಸಾಮಾನ್ಯವಾಗಿ ಸಿ ದರ್ಜೆಗಿಂತ ಕೆಳಗಿನದನ್ನು ಒಪ್ಪುವುದಿಲ್ಲ. ಕ್ರೆಡಿಟ್ ಒಪ್ಪಿದರೂ ಹಳೆಯ ದರ್ಜೆ ಹೊಸ ಜಿಪಿಎಗೆ ಸೇರುವುದಿಲ್ಲ. ಅಲ್ಲಿ ಸರಾಸರಿ ಸೊನ್ನೆಯಿಂದ ಶುರು. ಇಲ್ಲಿ 9.2 ತೆಗೆದವಳಿಗೆ ಇದು ನಷ್ಟ, 5.8 ತೆಗೆದವನಿಗೆ ಗುಟ್ಟಿನ ಸಂತೋಷ. ಡಬ್ಲ್ಯೂಇಎಸ್‌ನಂಥ ಮೌಲ್ಯಮಾಪನ ಸಂಸ್ಥೆಗಳು ನಮ್ಮ ಅಂಕಪಟ್ಟಿಯನ್ನು ಅಲ್ಲಿನ ಭಾಷೆಗೆ ತರ್ಜುಮೆ ಮಾಡಿಕೊಡುತ್ತವೆ, ಅಷ್ಟೇ. ಕೊನೆಯ ಮಾತು ಅಲ್ಲಿನ ವಿಭಾಗದ್ದು.

ಈ ಕಷ್ಟ ನಮ್ಮವರಿಗೆ ಮಾತ್ರ ಎಂದುಕೊಳ್ಳಬೇಡಿ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ಅಮೆರಿಕದ ವಿದ್ಯಾರ್ಥಿಗಳು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಎಂದು ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2017ರಲ್ಲಿ ಅಂದಾಜು ಮಾಡಿತು. ಅದಕ್ಕೆ ಅವರು ಕಂಡುಕೊಂಡ ಮದ್ದು ಮುಂಚಿತ ಒಪ್ಪಂದ. ಕ್ಯಾಲಿಫೋರ್ನಿಯಾದಲ್ಲಿ ಸಮುದಾಯ ಕಾಲೇಜಿನ ಯಾವ ಪತ್ರಿಕೆ ಸರ್ಕಾರಿ ವಿಶ್ವವಿದ್ಯಾಲಯದ ಯಾವುದಕ್ಕೆ ಸಮ ಎಂದು ‘ಅಸಿಸ್ಟ್’ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒರೆಗಲ್ಲಿನ ಫಲಿತಾಂಶ ಬಳೆ ಕೊಳ್ಳುವ ಮೊದಲೇ ಗೊತ್ತಾದಂತೆ.

ನಮ್ಮಲ್ಲೂ ಆ ಮಾದರಿ ಇಲ್ಲದಿಲ್ಲ. ಮಣಿಪಾಲದಲ್ಲಿ ಎರಡು ವರ್ಷ ಎಂಜಿನಿಯರಿಂಗ್ ಓದಿ ಉಳಿದದ್ದನ್ನು ವಿದೇಶದಲ್ಲಿ ಮುಗಿಸುವ ಜೋಡಿ ಕಾರ್ಯಕ್ರಮ ಹಳೆಯದು. ಇಂಥ ಟ್ವಿನ್ನಿಂಗ್ ಪದವಿಗಳಿಗೆ ಯುಜಿಸಿ 2022ರಲ್ಲಿ ನಿಯಮ ತಂದಿತು: ಭಾರತದ ಸಂಸ್ಥೆಯೇ ಪದವಿ ಕೊಡುವುದಾದರೆ ವಿದೇಶದಲ್ಲಿ ಗಳಿಸಿದ್ದು ಒಟ್ಟು ಕ್ರೆಡಿಟ್‌ನ ಶೇ 30 ಮೀರುವಂತಿಲ್ಲ.

ಒಂದು ಅಂಕಪಟ್ಟಿ ಬಿಡಿಸಿ ನೋಡೋಣ

ಸಹನಾ ಎಂಬ ಬಿಎಸ್ಸಿ ವಿದ್ಯಾರ್ಥಿನಿ ಇದ್ದಾಳೆ ಎಂದಿಟ್ಟುಕೊಳ್ಳಿ. ಹೆಸರೂ ಕಲ್ಪನೆ, ಅಂಕಿಯೂ ಕಲ್ಪನೆ. ಲೆಕ್ಕ ಮಾತ್ರ ನಿಜವಾಗಿ ನಡೆಯುವ ರೀತಿಯದು. ಒಂದು ವರ್ಷ ಮುಗಿಸಿ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಬಂದಿದ್ದಾಳೆ. ಕೈಯಲ್ಲಿ 44 ಕ್ರೆಡಿಟ್: ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ತಲಾ 10, ಇಂಗ್ಲಿಷ್ 6, ಹಿಂದಿ 6, ಸಂವಿಧಾನ 2.

ಭೌತಶಾಸ್ತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. 10ಕ್ಕೆ 10.

ಗಣಿತದಲ್ಲಿ ಸಮಿತಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡಿತು. ಅವಳ ಹಳೆ ಕಾಲೇಜಿನಲ್ಲಿ ಬೀಜಗಣಿತ ಮೊದಲು, ಕಲನಶಾಸ್ತ್ರ ಆಮೇಲೆ. ಇಲ್ಲಿ ಉಲ್ಟಾ. ಸೆಮಿಸ್ಟರ್ ಲೆಕ್ಕದಲ್ಲಿ ಒಂದೂ ಹೊಂದುವುದಿಲ್ಲ, ವರ್ಷದ ಲೆಕ್ಕದಲ್ಲಿ ಪೂರ್ತಿ ಹೊಂದುತ್ತದೆ. 10 ಒಪ್ಪಿದರು. ಅವಳು ಒಂದೇ ಸೆಮಿಸ್ಟರ್ ಮುಗಿಸಿ ಬಂದಿದ್ದರೆ ಎರಡನೇ ಸೆಮಿಸ್ಟರ್‌ನಲ್ಲಿ ಓದಿದ್ದನ್ನೇ ಮತ್ತೆ ಓದಿ, ಓದದ ಕಲನಶಾಸ್ತ್ರಕ್ಕೆ ಬೇರೆ ಬ್ಯಾಕ್‌ಲಾಗ್ ಹೊತ್ತುಕೊಳ್ಳಬೇಕಿತ್ತು. ವರ್ಷದ ನಡುವೆ ಬದಲಿಸಬೇಡಿ ಎಂದು ಹಿರಿಯರು ಹೇಳುವುದರ ಹಿಂದೆ ಇಂಥ ಕಾರಣಗಳೂ ಇರುತ್ತವೆ.

ಕಂಪ್ಯೂಟರ್‌ನ ಮೊದಲ ಸೆಮಿಸ್ಟರ್, ಪ್ರೋಗ್ರಾಮಿಂಗ್, 5 ಕ್ರೆಡಿಟ್ ಹೊಂದಿತು. ಎರಡನೆಯದರಲ್ಲಿ ಅವಳು ಓದಿದ್ದು ವೆಬ್ ವಿನ್ಯಾಸ, ಇಲ್ಲಿ ಇರುವುದು ಡೇಟಾ ಸ್ಟ್ರಕ್ಚರ್ಸ್. ಥಿಯರಿಯ 3 ಕ್ರೆಡಿಟ್ ಐಚ್ಛಿಕದ ಖಾನೆಗೆ ಹೋಯಿತು. ಲ್ಯಾಬಿನ 2 ಎಲ್ಲಿಯೂ ಕೂರಲಿಲ್ಲ. ಮೂರನೇ ಸೆಮಿಸ್ಟರ್‌ನ ಪಾಠ ಡೇಟಾ ಸ್ಟ್ರಕ್ಚರ್ಸ್ ಗೊತ್ತಿದೆ ಎಂದುಕೊಂಡೇ ಶುರುವಾಗುತ್ತದೆ, ಆದ್ದರಿಂದ ಇದನ್ನು ಬಿಟ್ಟುಕೊಡಲು ಅಧ್ಯಾಪಕರು ಸಿದ್ಧರಿರಲಿಲ್ಲ.

ಇಂಗ್ಲಿಷ್ 6 ಸರಿ. ಹಿಂದಿ ಈ ಕಾಲೇಜಿನಲ್ಲಿ ಕಲಿಸುವುದೇ ಇಲ್ಲ, ಆದರೂ ಎರಡನೇ ಭಾಷೆಯ ಖಾನೆಗೆ 6 ಒಪ್ಪಿದರು. ಸಂವಿಧಾನ ಇಲ್ಲಿ ಮೂರನೇ ಸೆಮಿಸ್ಟರ್‌ನಲ್ಲಿದೆ, ಅವಳದ್ದು ಆಗಿಹೋಯಿತು. ಬದಲಿಗೆ ಇಲ್ಲಿನ ಮೊದಲ ಸೆಮಿಸ್ಟರ್‌ನಲ್ಲಿರುವ ಪರಿಸರ ಅಧ್ಯಯನ, 2 ಕ್ರೆಡಿಟ್, ಅವಳು ಓದಿಲ್ಲ.

ಒಟ್ಟು 44 ತಂದಳು, 42 ಒಪ್ಪಿದರು. ಕೇಳಲು ಭರ್ಜರಿಯಾಗಿದೆ. ಆದರೆ ಅದರಲ್ಲಿ 3 ಐಚ್ಛಿಕದ ಖಾನೆಯಲ್ಲಿ ಕೂತಿದೆ, ಮತ್ತು ಮೊದಲ ವರ್ಷದ್ದೇ 7 ಕ್ರೆಡಿಟ್‌ನ ಪತ್ರಿಕೆಗಳನ್ನು ಅವಳು ಹೊಸದಾಗಿ ಬರೆಯಬೇಕು. ಮೂರನೇ ಸೆಮಿಸ್ಟರ್‌ನಲ್ಲಿ ಸಹಪಾಠಿಗಳು ಸಂವಿಧಾನದ ತರಗತಿಗೆ ಹೋಗುವ ಹೊತ್ತಿಗೆ ಅವಳು ಕೆಳಗಿನ ಮಹಡಿಯ ಜೂನಿಯರ್‌ಗಳ ಜೊತೆ ಪರಿಸರ ಅಧ್ಯಯನ ಕೇಳುತ್ತಾಳೆ. ಡೇಟಾ ಸ್ಟ್ರಕ್ಚರ್ಸ್ ಸಮ ಸೆಮಿಸ್ಟರ್‌ನಲ್ಲಿ ಮಾತ್ರ ಇರುವುದರಿಂದ ಪರೀಕ್ಷೆ ನಾಲ್ಕನೆಯದರ ಜೊತೆಗೆ. ಅಲ್ಲಿಯವರೆಗೆ ಸೀನಿಯರ್ ಒಬ್ಬಳ ನೋಟ್ಸ್ ಇಸಿದುಕೊಂಡು ತಾನೇ ಓದಿಕೊಳ್ಳುತ್ತಿದ್ದಾಳೆ.